ಸೂರ್ಯ ಯಾಕೆ ‘ಸೂಯರ್’ ಆಗುತ್ತಾನೆ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಸಿಂಧನೂರು ಕಡೆಯ ತಂದೆಯೊಬ್ಬರು ಮಗನ ಬಗ್ಗೆ ಬರೆದಿದ್ದರು. ಮಗ ಕಂಪ್ಯೂಟರ್ ಸೈನ್ಸ್ ಓದಿದ್ದಾನೆ, ಈಗ ಕೋಡ್ ಎಲ್ಲ ಎಐ ಬರೆಯುತ್ತದಂತೆ, ಹಾಗಾಗಿ ಆ ಓದು ದಂಡ. ಅದು ಸಾಲದು ಅಂತ ಹುಡುಗ ಊರ ಜಾತ್ರೆಗೆ ನಾಟಕ ಬರೆಯುತ್ತಾ ಕೂತಿದ್ದಾನೆ, ಅದು ಇನ್ನೂ ದೊಡ್ಡ ದಂಡ ಅಂತ. ಓದಿ ನಗು ಬಂತು. ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ ಹೋದ ಮಳೆಗಾಲದಿಂದ ನಾನು ಮಾಡುತ್ತಿರುವುದು ಇವೆರಡೇ ಕೆಲಸ, ಅದೂ ಒಂದೇ ಟೇಬಲ್ಲಿನ ಮೇಲೆ. ಪತ್ರ ಉದ್ದ ಆದೀತು, ನಿಮ್ಮ ಕತ್ತರಿ ಎಲ್ಲಿ ಬೇಕಾದರೂ ಆಡಲಿ.

ನಾನು ಕೊಪ್ಪಳದವನು. ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಹದಿನೈದು ವರ್ಷ ಆಗುತ್ತಾ ಬಂತು. ಬೆಂಗಳೂರಿನಲ್ಲಿದ್ದೆ, 2020ರ ಲಾಕ್‌ಡೌನ್‌ಗೆ ಊರಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ನಮ್ಮಪ್ಪ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ಸಂಬಳಕ್ಕೆ ಮೇಷ್ಟ್ರು, ಮನಸ್ಸಿಗೆ ನಾಟಕಕಾರ. ಜಾತ್ರೆಗೆ ಹುಡುಗರು ಆಡುತ್ತಾರಲ್ಲ ಸಾಮಾಜಿಕ ನಾಟಕ, ಅಂಥವು ಹನ್ನೊಂದು ಬರೆದಿದ್ದರು. ಹಾರ್ಮೋನಿಯಂ ಮಾಸ್ತರು ಕೂತು ತಾಲೀಮು ಮಾಡಿಸುತ್ತಿದ್ದರೆ ಅಪ್ಪ ಪಕ್ಕದಲ್ಲಿ ಚಹಾ ಹಿಡಿದುಕೊಂಡು ಡೈಲಾಗ್ ತಿದ್ದುತ್ತಿದ್ದರು. ಪುಸ್ತಕ ಅಂತ ಯಾವುದೂ ಆಗಲಿಲ್ಲ. ಆಡುವವರಿಗೆ ಅವರವರ ಪಾರ್ಟಿನ ಜೆರಾಕ್ಸ್ ಸಿಗುತ್ತಿತ್ತು, ಅಷ್ಟೇ. ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿಯಿತು. ಉಳಿದದ್ದು 2003ರಿಂದ ಆಚೆಗೆ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದ ಸಿಡಿಗಳು ಮಾತ್ರ.

ಅಪ್ಪ ತೀರಿಕೊಂಡ ಮೇಲೆ ಆ ಸಿಡಿಗಳನ್ನು ತೆಗೆದೆ. ಫೈಲುಗಳು ಓಪನ್ ಆದವು. ಆದರೆ ಕನ್ನಡ ಇಲ್ಲ! ‘ಕನ್ನಡ’ ಅನ್ನುವ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆ ಗೀಟು ಇರುವ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಯಾವುದೋ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಮೂರಕ್ಷರದ ಪದಕ್ಕೆ ಏಳು ಚಿಹ್ನೆ. ಇದನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ, ಫೈಲ್ ಕೆಟ್ಟಿದೆ ಅಂತ ಡಿಲೀಟ್ ಮಾಡಿಯೂ ಇರುತ್ತೀರಿ.

ಫೈಲ್ ಕೆಟ್ಟಿಲ್ಲ. ಆಗಿನ ಫಾಂಟುಗಳ ಲೆಕ್ಕವೇ ಹಾಗಿತ್ತು. ಕಂಪ್ಯೂಟರಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಅಂದರೆ ಒಟ್ಟು ಸಿಗೋದು 256 ಜಾಗ. ಅದರಲ್ಲಿ ಇಂಗ್ಲಿಷ್, ಯುರೋಪಿನ ಅಕ್ಷರಗಳು ಕೂತಿದ್ದವು. ನಮ್ಮವರು ಒಂದು ಉಪಾಯ ಮಾಡಿದರು. ಕಂಪ್ಯೂಟರ್ ತನ್ನ ಪಾಡಿಗೆ ಪಿ ಅಂದುಕೊಳ್ಳಲಿ, ಫಾಂಟು ಮಾತ್ರ ಅಲ್ಲಿ ‘ಕ’ದ ಮೈಯ ಚಿತ್ರ ಬಿಡಿಸಲಿ. ಆ ಗೀಟಿನ ಎ ಇದೆಯಲ್ಲ, ಅದು ನಮ್ಮ ತಲೆಕಟ್ಟು! ಹೀಗೆ ತುಂಡು ತುಂಡು ಜೋಡಿಸಿ ಕನ್ನಡ ಕಾಣಿಸಿದರು. ನುಡಿ, ಬರಹ ಮುಂತಾದ ತಂತ್ರಾಂಶಗಳಿಂದ ಇಡೀ ರಾಜ್ಯದ ಕಚೇರಿ, ಪ್ರೆಸ್ಸು, ಮದುವೆ ಕಾರ್ಡು ಎಲ್ಲ ನಡೆದದ್ದು ಹೀಗೇ. ಅವರನ್ನು ನಾನು ಬೈಯಲ್ಲ, ಅವತ್ತಿಗೆ ಅದು ಬೇಕಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ನಾನು ಇವತ್ತಿಗೂ ಟೈಪ್ ಮಾಡುತ್ತೇನೆ. ಎಫ್ ಒತ್ತಿದರೆ ಒತ್ತಕ್ಷರ ಬರುವ ಆ ಅಭ್ಯಾಸ ಬೆರಳಿಗೆ ಹತ್ತಿಬಿಟ್ಟಿದೆ.

ಯುನಿಕೋಡ್ ಅಂದರೆ ಬೇರೆ ಬೇರೆ ಭಾಷೆಯ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. ತಮಾಷೆ ಅಂದರೆ 1991ರಲ್ಲೇ ಅದರಲ್ಲಿ ಕನ್ನಡಕ್ಕೆ 128 ಜಾಗ ಕೊಟ್ಟಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಫಾಂಟ್ ಕೂಡ ಇತ್ತು. ಅದರ ಹೆಸರು ತುಂಗಾ! ನಮ್ಮ ಹೊಳೆಯ ಅರ್ಧ ಹೆಸರು. ಆದರೆ ಡಿಟಿಪಿಯವರು ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರಿನಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ಜೋಡಿಸಲು ಬರುತ್ತಿರಲಿಲ್ಲ. ಅವರೇನು ಮಾಡುತ್ತಾರೆ, ಪಾಪ.

ನಮ್ಮ ಗವಿಮಠದ ಗುಡ್ಡದ ಮೇಲೆ ಅಶೋಕನ ಶಾಸನ ಇದೆ, ಜಾತ್ರೆಗೆ ಬಂದವರಲ್ಲಿ ಎಷ್ಟು ಜನ ಹತ್ತಿ ನೋಡುತ್ತಾರೋ ಗೊತ್ತಿಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಆ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸುವ ತನಕ ದೇಶದ ಯಾವ ಮೂಲೆಯಲ್ಲಿದ್ದರೂ ಅದನ್ನು ಓದುವವರೇ ಇರಲಿಲ್ಲ. ಕಲ್ಲು ನೆಟ್ಟಗೇ ಇತ್ತು, ಓದುವ ಗುಟ್ಟು ಕಳೆದಿತ್ತು. ಅಪ್ಪನ ಸಿಡಿಗೆ ಅಷ್ಟಾಗಲು ಇಪ್ಪತ್ತು ವರ್ಷವೇ ಸಾಕಾಯಿತು ನೋಡಿ.

ಹಳೇ ಫಾಂಟಿನಿಂದ ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನುಡಿ, ಬರಹಗಳಲ್ಲೂ ಆ ಸೌಲಭ್ಯ ಇದೆ. ಮೊದಲು ಅವನ್ನೇ ಬಳಸಿ. ಅಪ್ಪನ ಫೈಲುಗಳಲ್ಲಿ ಎರಡು ಮೂರು ಥರದ ಫಾಂಟ್ ಕಲಸಿ ಹೋಗಿದ್ದವು, ರೆಡಿ ಪರಿವರ್ತಕ ಅರ್ಧಕ್ಕೇ ಕೈಚೆಲ್ಲಿತು. ನಾನೇ ಬರೆಯೋಣ, ಏನು ಮಹಾ, ಒಂದು ಪಟ್ಟಿ ಇಟ್ಟುಕೊಂಡು ಇದಕ್ಕೆ ಬದಲು ಅದು ಅಂತ ಹಾಕಿದರೆ ಮುಗೀತು ಅಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಮಂಡಾಳ ಒಗ್ಗರಣೆ ಮಿರ್ಚಿ ತಿಂದು ಕೂತೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಲವತ್ತು ಸಾಲು. ಓಡಿಸಿದೆ. ಮೊದಲ ನಾಟಕದ ಮೊದಲ ದೃಶ್ಯ ಶುರುವಾಗಿದ್ದು ಹೀಗೆ: ‘ವುನೆಯ ಅಂಗಳ’.

ವುನೆ! ‘ಮನೆ’ ಹೋಗಿ ‘ವುನೆ’ ಆಗಿತ್ತು. ‘ಮಗ’ ಹೋಗಿ ‘ವುಗ’. ಕಾರಣ ಏನು ಗೊತ್ತಾ? ಆ ಫಾಂಟಿನಲ್ಲಿ ‘ಮ’ಕ್ಕೆ ಅಂತ ಬೇರೆ ತುಂಡೇ ಇಲ್ಲ. ‘ವ’ ಬರೆದು ಪಕ್ಕಕ್ಕೆ ಒಂದು ಕೊಂಬು ಅಂಟಿಸಿದರೆ ಕಣ್ಣಿಗೆ ‘ಮ’. (ನಿಜವಾದ ‘ವು’ ಬೇಕಿದ್ದರೆ ಅದಕ್ಕೆ ಇನ್ನೊಂದು ಥರದ ಕೊಂಬು.) ನನ್ನ ಪಟ್ಟಿಯಲ್ಲಿ ‘ವ’ ಮೇಲಿತ್ತು, ‘ಮ’ ಕೆಳಗಿತ್ತು. ಪ್ರೋಗ್ರಾಂ ಮೊದಲು ‘ವ’ವನ್ನು ಕಿತ್ತುಕೊಂಡು ಬದಲಿಸಿಬಿಟ್ಟಿತು, ಮಿಕ್ಕ ಕೊಂಬು ಹೋಗಿ ಅದಕ್ಕೇ ಅಂಟಿತು. ಉದ್ದ ಇರುವುದನ್ನು ಮೊದಲು ಹುಡುಕಬೇಕು, ಗಿಡ್ಡದ್ದು ಆಮೇಲೆ. ಎರಡು ಸಾಲು ಹಿಂದೆ ಮುಂದೆ ಮಾಡಿದೆ, ಎಲ್ಲ ಮನೆಗಳೂ ಮನೆಗಳಾದವು. ಇಲ್ಲೇ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವವರನ್ನು ನೋಡಿ. ಹುಣಸೆ ಬೀಜದ ಅಂಟು, ಕಟ್ಟಿಗೆ ಪುಡಿ, ಗೋಣಿ ನಾರು ಕಲಸಿದ ಕಿಟ್ಟ ಮೆತ್ತಿದ ಮೇಲೇ ಬಣ್ಣ. ಬಣ್ಣ ಹಚ್ಚಿ ಆಮೇಲೆ ಕಿಟ್ಟ ಮೆತ್ತುತ್ತೇನೆ ಅಂದರೆ ನಗುತ್ತಾರೆ. ನಾನು ಮಾಡಿದ್ದು ಅದನ್ನೇ.

ಆಮೇಲೆ ಬಂತು ಅರ್ಕಾವತ್ತು. ‘ಸೂರ್ಯ’ ಅಂತ ಬರೆದಾಗ ಅರ್ಕಾವತ್ತು ಕಣ್ಣಿಗೆ ಕಾಣುವುದು ‘ಯ’ದ ಬಲಕ್ಕೆ. ಹಳೇ ಫಾಂಟು ಚಿತ್ರ ಬಿಡಿಸುವುದಲ್ವಾ, ಅದು ಕಂಡ ಹಾಗೇ ಇಡುತ್ತದೆ, ಯ ಮೊದಲು, ಅರ್ಕ ಆಮೇಲೆ. ಆದರೆ ಬಾಯಲ್ಲಿ ‘ರ್’ ಮೊದಲು ಬರುತ್ತೆ, ಯುನಿಕೋಡು ಕೇಳುವುದು ಬಾಯಿಯ ಮಾತನ್ನು. ಹಾಗಾಗಿ ಕಂಡ ಹಾಗೇ ತಿರುಗಿಸಿದರೆ ಸೂರ್ಯ ‘ಸೂಯರ್’ ಆಗುತ್ತಾನೆ, ನಿರ್ದೇಶಕ ‘ನಿದೇರ್ಶಕ’ ಆಗುತ್ತಾನೆ, ಕಾರ್ಯಕ್ರಮ ‘ಕಾಯರ್ಕ್ರಮ’ ಆಗುತ್ತೆ. ಕ್ಷಮಿಸಿ, ನಿಮ್ಮ ಪತ್ರಿಕೆಯ ಆನ್‌ಲೈನ್ ಪುಟದಲ್ಲೇ ಈ ಕಾಯರ್ಕ್ರಮ ಎಷ್ಟು ಸಲ ನೋಡಿದ್ದೇನೆ ಅಂದರೆ ಒಂದೊಂದು ಸಲ ಅದೇ ಸರಿ ಅನಿಸುತ್ತೆ.

ಅರ್ಕವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದೆ. ‘ಸೂರ್ಯ’ ಸರಿ ಹೋಯಿತು, ‘ನಿರ್ದೇಶಕ’ ಹೋಗಲಿಲ್ಲ, ಯಾಕೆಂದರೆ ಅಲ್ಲಿ ‘ದ’ಕ್ಕೆ ಏತ್ವ ಇದೆ, ದೀರ್ಘ ಇದೆ. ಎರಡು ಹೆಜ್ಜೆ ಸರಿಸಿದರೆ ಇನ್ನೆಲ್ಲೋ ಕೆಡುತ್ತೆ. ಎರಡು ರಾತ್ರಿ ಇದರಲ್ಲೇ ಹೋಯಿತು, ಮಧ್ಯೆ ಕರೆಂಟು ಬೇರೆ ಹೋಯಿತು. ಕೊನೆಗೆ ತಿಳಿದದ್ದು, ಎಷ್ಟು ಹೆಜ್ಜೆ ಅಂತ ಎಣಿಸುವುದೇ ತಪ್ಪು. ಒಂದು ‘ಅಕ್ಷರ’ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಪ್ರೋಗ್ರಾಮಿಗೆ ಹೇಳಿಕೊಡಬೇಕು. ಒಂದು ವ್ಯಂಜನ, ಒತ್ತು ಇದ್ದರೆ ಒತ್ತು, ಆಮೇಲೆ ಸ್ವರದ ಗುರುತು. ಅಷ್ಟೂ ಸೇರಿ ಒಂದು. ಅರ್ಕ ಆ ಇಡೀ ಗುಂಪನ್ನು ದಾಟಿ ಹಿಂದಕ್ಕೆ ಹೋಗಬೇಕು. ಇದನ್ನು ನನಗೆ ಎರಡನೇ ಕ್ಲಾಸಿನಲ್ಲಿ ಕಾಗುಣಿತ ತಪ್ಪಿದಾಗ ಕಿವಿ ಹಿಂಡಿ ಹೇಳಿಕೊಟ್ಟದ್ದು ಅಪ್ಪನೇ. ಬೆಂಗಳೂರಿನ ಯಾವ ಟ್ರೇನಿಂಗಿನಲ್ಲೂ ಇದು ಬರಲಿಲ್ಲ.

ಎಲ್ಲ ಸರಿ ಆಯಿತು ಅಂತ ಹಿಗ್ಗಿದೆ. ನಾಟಕದಲ್ಲಿ ‘ಕೊಪ್ಪಳ’ ಎಲ್ಲೆಲ್ಲಿ ಬರುತ್ತೆ ನೋಡೋಣ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ! ಕಣ್ಣೆದುರಿಗೇ ಇದೆ, ಹುಡುಕಿದರೆ ಇಲ್ಲ ಅನ್ನುತ್ತೆ. ಹಳೇ ಫಾಂಟು ‘ಕೊ’ವನ್ನು ‘ಕೆ’ ಬರೆದು ಪಕ್ಕಕ್ಕೆ ಒಂದು ಸುರುಳಿ ಅಂಟಿಸಿ ಮಾಡುತ್ತಿತ್ತು, ನನ್ನ ಪ್ರೋಗ್ರಾಮೂ ಹಾಗೇ ಏತ್ವ ಬೇರೆ, ಆ ಸುರುಳಿ ಬೇರೆ ಇಟ್ಟಿತ್ತು. ಪರದೆಯ ಮೇಲೆ ಒಂದು ಕೂದಲೆಳೆ ವ್ಯತ್ಯಾಸ ಕಾಣಲ್ಲ. ಒಳಗೆ ಮಾತ್ರ ನಾನು ಟೈಪ್ ಮಾಡಿದ ಕೊಪ್ಪಳದಲ್ಲಿ ಆರು ಸಂಕೇತ, ನಾಟಕದ ಕೊಪ್ಪಳದಲ್ಲಿ ಏಳು. ಎರಡು ಕೊಪ್ಪಳ! ಇದಕ್ಕೆ ಪೈಥಾನಿನಲ್ಲಿ ನಾರ್ಮಲೈಸ್ ಅಂತ ಒಂದೇ ಸಾಲಿನ ಮದ್ದಿದೆ, ಇಂಥ ಎರಡು ರೂಪಗಳನ್ನು ಒಂದೇ ಮಾಡುತ್ತೆ. ಕನ್ನಡ ಹೆಸರುಗಳನ್ನು ಡೇಟಾಬೇಸಿಗೆ ತುಂಬುವ ನಮ್ಮ ಹುಡುಗರಿಗೆ ಒಂದು ಮಾತು: ಒಳಗೆ ಹೋಗುವಾಗಲೇ ಆ ಸಾಲು ಓಡಿಸಿ. ಇನ್ನೊಂದು, ಅನುಸ್ವಾರ ಮತ್ತು ಕನ್ನಡದ ಸೊನ್ನೆ ಎರಡೂ ನೋಡಲು ಒಂದೇ ಥರ ದುಂಡಗೆ. ಟೈಪ್ ಮಾಡುವವರು ಅದರ ಬದಲು ಇದು ಹಾಕುತ್ತಾರೆ. ನಮ್ಮ ಅಕ್ಕನ ಮಗಳ ಹೆಸರಲ್ಲಿ ಹೀಗೊಂದು ಸೊನ್ನೆ ಸೇರಿಕೊಂಡು, ಹುಡುಕಿದರೆ ಹೆಸರೇ ಇಲ್ಲ ಅಂತ ಒಂದು ಕಚೇರಿಗೆ ನಾಲ್ಕು ಸಲ ಅಲೆದಿದ್ದೇವೆ.

ಇನ್ನು ಎಐ. ನಾನೂ ಬಳಸುತ್ತೇನೆ, ದಿನಾ ಬಳಸುತ್ತೇನೆ. ಅರ್ಕದ ನಿಯಮ ಬರೆಯಲು ಅದೇ ಸಹಾಯ ಮಾಡಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೊನೆಗೆ ತಪ್ಪು ಹುಡುಕಲು ಒಂದು ಕೆಲಸ ಮಾಡಿದೆ. ಹನ್ನೊಂದರಲ್ಲಿ ಆಗ ಕೈಗೆ ಬಂದಿದ್ದ ನಾಟಕಗಳ ಎಲ್ಲ ಪದಗಳನ್ನೂ ಎಣಿಸಿ, ಕಡಿಮೆ ಸಲ ಬರುವ ಪದಗಳ ಪಟ್ಟಿ ತೆಗೆದೆ. ತಪ್ಪಾಗಿ ತಿರುಗಿದ ಪದ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತೆ. ಆ ಪಟ್ಟಿಯನ್ನು ಎಐಗೆ ಕೊಟ್ಟು ತಿದ್ದು ಅಂದೆ. ಅಚ್ಚುಕಟ್ಟಾಗಿ ತಿದ್ದಿಕೊಟ್ಟಿತು. ‘ಯಾಳೆ’ ಅಂತ ಇದ್ದದ್ದನ್ನು ‘ವೇಳೆ’ ಮಾಡಿತ್ತು. ನನಗೂ ಸರಿ ಅನಿಸಿತು, ಫಾಂಟಿನ ತಪ್ಪೇ ಇರಬೇಕು ಅಂತ.

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಆ ದೃಶ್ಯ ಓದಿ ಹೇಳಿದೆ. ಕೈ ನಿಲ್ಲಿಸಿ ಅಂದಳು, “ಹಂಗಲ್ಲೋ ತಮ್ಮಾ. ಅದು ಯಾಳೇನ ಐತಿ. ಆ ಮುದುಕಿ ವೇಳೆ ಅಂತಾಳೇನು? ಆಕಿ ಸಾಲಿ ಕಲತಾಕಿ ಅಲ್ಲ.” ಮುದುಕಿ ಅಂದರೆ ನಾಟಕದ ಪಾತ್ರ. ಹೋಗಿ ಮತ್ತೆ ಮೂಲ ಫೈಲು ನೋಡಿದೆ. ಅದೇ ನಾಟಕದಲ್ಲಿ ಮೇಷ್ಟ್ರ ಪಾತ್ರ ‘ವೇಳೆ’ ಅನ್ನುತ್ತೆ, ಮುದುಕಿ ‘ಯಾಳೆ’ ಅನ್ನುತ್ತಾಳೆ. ಅಪ್ಪ ಬೇಕಂತಲೇ ಬರೆದದ್ದು. ಎಐ ತಿದ್ದಿದ್ದ ಇನ್ನೂರಕ್ಕೂ ಹೆಚ್ಚು ಪದಗಳನ್ನು ಹಿಂದಕ್ಕೆ ತಿರುಗಿಸಿ, ಒಂದೊಂದನ್ನೂ ಅವ್ವನಿಗೆ ಓದಿ ಹೇಳಿ ಕೇಳಿದೆ. ಹದಿನೈದು ದಿನ ಹಿಡಿಯಿತು. ಸಿಂಧನೂರಿನ ಹಿರಿಯರೇ, ನಿಮ್ಮ ಮಗ ನಾಟಕ ಬರೆಯುವ ಹುಡುಗ ಅಂದಿರಲ್ಲ, ಅವನಾಗಿದ್ದರೆ ಇದು ಅವನಿಗೆ ಕೂಡಲೇ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

ಇನ್ನೊಂದು ಕೆಲಸದ ಕಥೆ ಹೇಳುತ್ತೇನೆ. ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿಗೆ ತೂಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಭತ್ತ ತಂದ ರೈತನ ಮೊಬೈಲಿಗೆ ಮೆಸೇಜ್ ಹೋಗಬೇಕು, ಕನ್ನಡದಲ್ಲೇ ಹೋಗಬೇಕು ಅಂದರು ಸಾಹುಕಾರರು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತೆ. ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಅದಕ್ಕೇ ಬಹಳ ಕಡೆ ಕನ್ನಡ ಬಿಟ್ಟುಬಿಡುತ್ತಾರೆ. ‘ಕ್ವಿಂಟಲ್’ ಅನ್ನುವ ಒಂದು ಪದವೇ ಎಂಟು ನುಂಗುತ್ತೆ. ಮೇಲಾಗಿ ಸಾಹುಕಾರರು, ಮೊದಲು ನಮಸ್ಕಾರ ಇರಲೇಬೇಕು, ಬರೀ ಲೆಕ್ಕ ಕಳಿಸಿದರೆ ಮರ್ಯಾದೆ ಅಲ್ಲ ಅಂದರು. ಕೂತು ಕೂತು ಕೊನೆಗೆ ಕಟ್ಟಿದ್ದು ಇದು: ‘ನಮಸ್ಕಾರ, ಭತ್ತ 42 ಚೀಲ, 31.5 ಕ್ವಿಂಟಲ್. ದರ 2300. ಒಟ್ಟು 72450. ಚೀಟಿ 118.’ ಅಂಕಿಗಳು ಉದಾಹರಣೆಗೆ. ಎಣಿಸಿ ನೋಡಿ, 68. ಎರಡು ಉಳಿಯಿತು! ಆ ಸಾಫ್ಟ್‌ವೇರಿನಲ್ಲಿ ಸಾವಿರಾರು ಸಾಲು ಕೋಡ್ ಬರೆದಿದ್ದೇನೆ, ಖುಷಿ ಕೊಟ್ಟದ್ದು ಮಾತ್ರ ಈ ಒಂದು ಸಾಲು.

ಕಂಪ್ಯೂಟರ್ ಬಗ್ಗೆ ಎಲ್ಲರೂ ನನ್ನನ್ನು ಟಿಪ್ಸ್ ಕೇಳುತ್ತಾರೆ, ನಾಲ್ಕು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಏನೇ ಬರೆದರೂ, ಭಾಷಣ ಆಗಲಿ ಹಾಡಾಗಲಿ, ಯುನಿಕೋಡಿನಲ್ಲಿ ಬರೆದಿಡಿ. ಅಚ್ಚಿಗೆ ಹಳೇ ಫಾಂಟು ಬೇಕಾದರೆ ಅವರು ತಿರುಗಿಸಿಕೊಳ್ಳಲಿ. ಡಿಟಿಪಿಯವರಿಂದ ಪಿಡಿಎಫ್ ಮಾತ್ರ ಇಸ್ಕೊಂಡು ಬರಬೇಡಿ, ಮೂಲ ಫೈಲನ್ನೂ ಕೇಳಿ, ಯಾವ ಫಾಂಟು ಅಂತ ಫೈಲಿನ ಹೆಸರಲ್ಲೇ ಬರೆದುಕೊಳ್ಳಿ. ಬರೀ ಅಚ್ಚಾದ ಪ್ರತಿ ಇದ್ದರೆ ಮೊಬೈಲಿನಲ್ಲಿ ನೇರವಾಗಿ, ನೆರಳು ಬೀಳದ ಹಾಗೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ತಾನೇ ಹೆಕ್ಕಿಕೊಡುತ್ತೆ, ತಪ್ಪು ಇರುತ್ತೆ, ತಿದ್ದಿಕೊಳ್ಳಬೇಕು. ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ವಿ ಒತ್ತಿ ಒಮ್ಮೆ ಆನ್ ಮಾಡಿಟ್ಟರೆ, ಆಮೇಲೆ ಅದನ್ನೇ ಒತ್ತಿದಾಗ ಇತ್ತೀಚೆಗೆ ಕಾಪಿ ಮಾಡಿದ್ದು ಸಾಲಾಗಿ ಬರುತ್ತೆ. ಇದು ಗೊತ್ತಿಲ್ಲದೆ ನಾನೇ ಎಷ್ಟು ಸಲ ಬರೆದದ್ದು ಕಳೆದುಕೊಂಡಿದ್ದೇನೋ.

ಮತ್ತೆ ಬ್ಯಾಕಪ್. ಮೂರು ಪ್ರತಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ (ಟಿ.ಬಿ.) ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಹಗಲು ರಾತ್ರಿ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ತುಂಡುಗಳು) ತಯಾರು ಮಾಡಿ ಕೂರಿಸಿದರಲ್ಲ, ಆ ವಾರ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ನಾನು ಆ ವಾರವೇ ಹೋಗಿ ಒಂದು ಹಾರ್ಡ್‌ಡಿಸ್ಕ್ ತಂದೆ.

ಅಪ್ಪನ ಹನ್ನೊಂದು ನಾಟಕಗಳಲ್ಲಿ ಒಂಬತ್ತು ಈಗ ಓದುವ ಹಾಗಿವೆ. ಎರಡು ಇರುವ ಸಿಡಿಗೆ ಬೂಷ್ಟು ಹಿಡಿದಿದೆ, ಯಾವ ಡ್ರೈವೂ ಓದುತ್ತಿಲ್ಲ. 2005, 2006ರ ಸುಮಾರಿಗೆ ಯಲಬುರ್ಗಾ, ಕುಕನೂರು ಕಡೆ ಜಾತ್ರೆ ನಾಟಕದಲ್ಲಿ ಪಾರ್ಟು ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಟ್ರಂಕಿನಲ್ಲಿ ಜೆರಾಕ್ಸ್ ಹಾಳೆ ಇದೆಯಾ ಒಮ್ಮೆ ನೋಡಿ. ನಿಮ್ಮೊಬ್ಬರ ಪಾರ್ಟು ಇದ್ದರೂ ಸಾಕು, ನಾಲ್ಕು ಜನರ ಪಾರ್ಟು ಸಿಕ್ಕರೆ ದೃಶ್ಯ ಜೋಡಿಸಬಹುದು. ಪತ್ರಿಕೆಗೆ ಬರೆದರೆ ಸಂಪಾದಕರು ನನಗೆ ತಲುಪಿಸುತ್ತಾರೆ ಅಂದುಕೊಂಡಿದ್ದೇನೆ. ಹಳೇ ಡಿಟಿಪಿ ಅಂಗಡಿಯವರೂ ಮೂಲೆಯಲ್ಲಿರುವ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಲಿ. ಅದರಲ್ಲಿ ಯಾರ ಯಾರ ಅಪ್ಪನ ನಾಟಕಗಳಿವೆಯೋ. ಪರಿವರ್ತಿಸಿ ಕೊಡುವ ಕೆಲಸಕ್ಕೆ ನಾನು ದುಡ್ಡು ಕೇಳಲ್ಲ.

ಸಿಂಧನೂರಿನ ಆ ಹುಡುಗನಿಗೂ ಹೇಳಿ, ಅರ್ಕಾವತ್ತಿನ ನಿಯಮದಲ್ಲಿ ಇನ್ನೂ ಒಂದೆರಡು ತಪ್ಪು ಉಳಿದಿವೆ, ಬಿಡುವಿದ್ದರೆ ಬರಲಿ.

ಇಂತಿ,
ನಿಮ್ಮ ಓದುಗ, ಕೊಪ್ಪಳ

ತಾ.ಕ.: ಈ ಪತ್ರವನ್ನು ಯುನಿಕೋಡಿನಲ್ಲಿ ಕಳಿಸಿದ್ದೇನೆ. ಪುಟ ಕಟ್ಟುವಾಗ ನಿಮ್ಮವರು ಹಳೇ ಫಾಂಟಿಗೆ ತಿರುಗಿಸಿ, ಆಮೇಲೆ ಆನ್‌ಲೈನಿಗೆ ಅಂತ ಮತ್ತೆ ಯುನಿಕೋಡಿಗೆ ತಿರುಗಿಸಬಹುದು. ಹಾಗೆ ಮಾಡಿದರೆ ಶೀರ್ಷಿಕೆಯನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಅಲ್ಲಿ ಮೊದಲನೆಯ ಸೂರ್ಯ ಸರಿ ಇರಬೇಕು, ಎರಡನೆಯದು ತಪ್ಪಾಗಿಯೇ ಇರಬೇಕು.